ಮನೆಯ ಹಿತ್ತಲಿನಲ್ಲಿ ಬಾತುಕೋಳಿ ಸಾಕುವುದು: ನೀರು, ಸದ್ದು, ನೆರೆಹೊರೆ

ಹಿತ್ತಲ ಮನೆ (ಶ್ರೀರಾಂಪುರ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂವತ್ತು ನಲವತ್ತರ ನಿವೇಶನದ ಮನೆ. ಹಿಂಭಾಗದಲ್ಲಿ ಒಂದು ತೆಂಗಿನ ಮರ, ಒಂದು ಕರಿಬೇವಿನ ಗಿಡ ಮತ್ತು ಬಟ್ಟೆ ಒಗೆಯುವ ಕಲ್ಲನ್ನು ಬಿಟ್ಟರೆ ಉಳಿದ ಜಾಗ ಖಾಲಿಯಾಗಿದೆ. ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಸಂಬಂಧಿಕರ ತೋಟದಲ್ಲಿ ಬಾತುಮರಿಗಳನ್ನು ಕಂಡಾಗಿನಿಂದ ನಾವೂ ಸಾಕೋಣವೆಂದು ಹಟ ಹಿಡಿದಿದ್ದಾಳೆ. ಮನೆಯ ಹಿರಿಯರಿಗೆ ಮೊಟ್ಟೆಯ ಆಸೆ, ನನ್ನ ಪತ್ನಿಗೆ ಹಕ್ಕಿಜ್ವರದ ಭಯ, ನನಗೆ ಪಕ್ಕದ ಮನೆಯವರೊಂದಿಗಿನ ಸಂಬಂಧ ಕೆಡಬಾರದೆಂಬ ಚಿಂತೆ. ಇಷ್ಟು ಚಿಕ್ಕ ಜಾಗದಲ್ಲಿ, ಕೊಳವಿಲ್ಲದ ಮನೆಯಲ್ಲಿ, ಬಾತುಗಳನ್ನು ಸಾಕುವುದು ಅವುಗಳಿಗೆ ಹಿತವೇ? ಸಾಕಿರುವವರು ಸುಖವನ್ನೂ ಕಷ್ಟವನ್ನೂ ಮುಚ್ಚಿಡದೆ ತಿಳಿಸಿದರೆ, ಮರಿಗಳನ್ನು ತರುವ ಮೊದಲೇ ಒಂದು ತೀರ್ಮಾನಕ್ಕೆ ಬರಬಹುದೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಾಲೆ ಬಯಲು (ಪಾಂಡವಪುರ)

ಸರ್, ನೀರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಾತು ಸಾಕುವವರ ಸುಖದುಃಖಗಳೆರಡೂ ಹುಟ್ಟುವುದು ಅಲ್ಲಿಂದಲೇ. ಬಾತಿಗೆ ಕೊಳ ಇರಲೇಬೇಕೆಂಬ ಕಡ್ಡಾಯವೇನಿಲ್ಲ. ಆದರೆ ತಲೆಯನ್ನು ಪೂರ್ತಿ ಮುಳುಗಿಸಿ ಕಣ್ಣುಗಳನ್ನೂ ಕೊಕ್ಕಿನ ಮೇಲಿನ ಹೊಳ್ಳೆಗಳನ್ನೂ ತೊಳೆದುಕೊಳ್ಳುವಷ್ಟು ಆಳದ ನೀರು ಹಗಲೆಲ್ಲ ಇರಬೇಕು. ಇಲ್ಲವಾದರೆ ಕಣ್ಣು ಅಂಟಿಕೊಳ್ಳುವುದು, ಹೊಳ್ಳೆ ಕಟ್ಟುವುದು, ಪುಕ್ಕ ಕೊಳೆಯಾಗುವುದು ಒಂದರ ಹಿಂದೆ ಒಂದು ಬರುತ್ತವೆ. ಮೇವು ಮತ್ತು ನೀರನ್ನು ಅಕ್ಕಪಕ್ಕದಲ್ಲೇ ಇಡಬೇಕು, ಏಕೆಂದರೆ ಬಾತು ಒಂದು ಬಾಯಿ ಮೇವು ತಿಂದು ಒಂದು ಗುಟುಕು ನೀರು ಕುಡಿಯುವ ಪ್ರಾಣಿ, ಮತ್ತು ಒಣ ಹಿಟ್ಟು ಗಂಟಲಿನಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟಿ ಸಾಯಬಹುದು. ಆದ್ದರಿಂದ ರಾತ್ರಿ ಗೂಡಿನಲ್ಲಿ ನೀರಿಡದಿದ್ದರೆ ಮೇವನ್ನೂ ಇಡಬಾರದು.

ಇನ್ನು ಕಷ್ಟದ ಮಾತು. ನೀವು ತುಂಬಿಸಿಟ್ಟ ತಿಳಿನೀರು ಅರ್ಧ ಗಂಟೆಯಲ್ಲಿ ಕೆಸರಾಗುತ್ತದೆ. ಕೊಕ್ಕಿಗೆ ಮೆತ್ತಿಕೊಂಡ ತೌಡು, ಅಂಗಳದ ಮಣ್ಣು, ಹಿಕ್ಕೆ ಎಲ್ಲವೂ ಅದರೊಳಗೇ ಬೀಳುತ್ತವೆ. ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರು ಬಯಲಿನಲ್ಲಿ ಹರಿಯುವಾಗ ಈ ಕಷ್ಟ ತಿಳಿಯುವುದಿಲ್ಲ; ನಾಲೆ ನಿಲ್ಲಿಸಿದ ಬೇಸಿಗೆಯಲ್ಲಿ ಮಾತ್ರ ಬಾತು ಸಾಕಣೆಯೆಂದರೆ ನೀರು ಹೊರುವ ಕೆಲಸವೆಂಬುದು ಮನೆಯವರಿಗೆಲ್ಲ ಅರ್ಥವಾಗುತ್ತದೆ. ನಲ್ಲಿಯ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ನೀವಿದ್ದರೆ ಈ ಲೆಕ್ಕವನ್ನು ಮೊದಲು ಹಾಕಿಕೊಳ್ಳಿ. ಕೊಳೆನೀರನ್ನು ಚರಂಡಿಗೆ ಬಿಡುವ ಅಗತ್ಯವಿಲ್ಲ. ತೆಂಗಿನ ಬುಡಕ್ಕೂ ಬಾಳೆಗೂ ಅದು ಒಳ್ಳೆಯ ಗೊಬ್ಬರದ ನೀರು, ನಿಮ್ಮ ತೆಂಗಿನ ಮರಕ್ಕೆ ಇದರಿಂದ ಲಾಭವೇ. ಆದರೆ ಒಂದೇ ಮರದ ಬುಡಕ್ಕೆ ದಿನವೂ ಸುರಿದರೆ ಅಲ್ಲಿ ನೆಲ ಹಳಸಿ ವಾಸನೆ ಬರುತ್ತದೆ, ಆದ್ದರಿಂದ ಜಾಗ ಬದಲಿಸುತ್ತಿರಬೇಕು.

ಗದ್ದೆಯ ಬಾತುಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಹಿತ್ತಲಿನವರಿಗೂ ಇದು ತಿಳಿದಿರಲಿ. ನಾಟಿ ಮಾಡಿದ ಪೈರು ಬೇರೂರಿದ ಮೇಲೆ ಬಾತುಗಳನ್ನು ಗದ್ದೆಗೆ ಬಿಟ್ಟರೆ ಕಳೆಯ ಮೊಳಕೆ, ಹುಳು, ಬಸವನಹುಳು ಎಲ್ಲವನ್ನೂ ಹುಡುಕಿ ತಿನ್ನುತ್ತವೆ, ಕಾಲಿನಿಂದ ಕೆಸರನ್ನೂ ಕದಡುತ್ತವೆ. ತೆನೆ ಮೂಡುವ ಹೊತ್ತಿಗೆ ಹೊರಗೆ ಕರೆತರಬೇಕು, ಇಲ್ಲದಿದ್ದರೆ ಕಾಳೂ ಅವುಗಳ ಪಾಲಾಗುತ್ತದೆ. ಆದರೆ ಕಾರ್ಬೋಫ್ಯೂರಾನ್‌ನಂತಹ ಹರಳು ಕೀಟನಾಶಕ ಎರಚಿದ ಗದ್ದೆಗೆ ಬಾತು ಇಳಿದರೆ ಉಳಿಯುವುದಿಲ್ಲ. ಆದ್ದರಿಂದ ಮಗಳು ಬಾತುಗಳನ್ನು ರಜೆಯಲ್ಲಿ ಊರಿಗೆ ಕರೆದೊಯ್ದು ಯಾರದೋ ಗದ್ದೆಗೆ ಬಿಡುವೆನೆಂದರೆ, ಆ ಗದ್ದೆಗೆ ಏನು ಹಾಕಿದ್ದಾರೆಂದು ಕೇಳದೆ ಬಿಡಬೇಡಿ.

ಪಶುವೈದ್ಯೆ, ನಿವೃತ್ತ (ಮಂಡ್ಯ)

ಪಾಂಡವಪುರದವರ ಮಾತಿಗೆ ಮೇವಿನ ಬಗ್ಗೆ ನನ್ನದೊಂದಿಷ್ಟು ಸೇರಿಸುತ್ತೇನೆ. ಸೇವೆಯಲ್ಲಿದ್ದಾಗ ನನ್ನ ಬಳಿಗೆ ಬರುತ್ತಿದ್ದ ಬಾತುಮರಿಗಳಲ್ಲಿ ಕಾಲು ಸೊಟ್ಟಗಾಗಿ ನಡೆಯಲಾರದವೇ ಹೆಚ್ಚು. ಬಾತುಮರಿಗೆ ಕೋಳಿಮರಿಗಿಂತ ಬಹಳ ಹೆಚ್ಚು ನಿಯಾಸಿನ್ (ಒಂದು ಬಗೆಯ ಬಿ ಜೀವಸತ್ವ) ಬೇಕು. ಒಂದು ಕಿಲೋ ಮೇವಿನಲ್ಲಿ ಸುಮಾರು 55 ಮಿಲಿಗ್ರಾಂ ಇರಬೇಕೆಂಬುದು ಪಶು ಆಹಾರ ಶಾಸ್ತ್ರದಲ್ಲಿ ಒಪ್ಪಿತವಾದ ಪ್ರಮಾಣ. ಬರಿಯ ನುಚ್ಚಕ್ಕಿ ಅಥವಾ ಅನ್ನವನ್ನು ಕೊಟ್ಟು ಬೆಳೆಸಿದ ಮರಿಗೆ ಇದು ದೊರೆಯುವುದಿಲ್ಲ, ಮತ್ತು ಕೀಲು ಊದಿ ಕಾಲು ಬಾಗಿದ ಮೇಲೆ ಸರಿಪಡಿಸುವುದು ಕಷ್ಟ. ಕೋಳಿಮರಿಗಳ ಸ್ಟಾರ್ಟರ್ ಮೇವನ್ನೇ ಕೊಡುವವರು ಅದಕ್ಕೆ ನಿಯಾಸಿನ್ ಹೆಚ್ಚಿರುವ ಬ್ರೂವರ್ಸ್ ಈಸ್ಟ್ (ಬಿಯರ್ ತಯಾರಿಕೆಯ ಹುದುಗು) ಬೆರೆಸುವುದು ವಾಡಿಕೆ. ಪ್ರಮಾಣವನ್ನು ನಿಮ್ಮ ಪಶುವೈದ್ಯರಿಂದಲೇ ಕೇಳಿ ತಿಳಿದುಕೊಳ್ಳಿ. ಅಂಗಳದಲ್ಲಿ ಅಗಲವಾದ ತೊಟ್ಟಿಯೊಂದರಲ್ಲಿ ಅಜೋಲಾ ಎಂಬ ನೀರಿನ ಮೇಲೆ ತೇಲುವ ಪುಟ್ಟ ಗಿಡವನ್ನು ಬೆಳೆಸಿಕೊಂಡರೆ ಸೊಪ್ಪಿನ ಚಿಂತೆ ಬಹುಮಟ್ಟಿಗೆ ತೀರುತ್ತದೆ. ಬ್ರೆಡ್ಡು, ಬಿಸ್ಕತ್ತು, ಉಪ್ಪು ಬೆರೆತ ಅಡುಗೆ ಬೇಡವೇ ಬೇಡ. ಮಕ್ಕಳಿರುವ ಮನೆಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇನ್ನೊಂದು ಅಪಾಯ ಬೂಷ್ಟು. ಶಿಲೀಂಧ್ರ ಹಿಡಿದ ಕಡಲೆಕಾಯಿ ಹಿಂಡಿ ಮತ್ತು ಮೆಕ್ಕೆಜೋಳದಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ತಡೆದುಕೊಳ್ಳುವ ಶಕ್ತಿ ಸಾಕುಹಕ್ಕಿಗಳಲ್ಲೆಲ್ಲ ಬಾತುಮರಿಗೇ ತೀರ ಕಡಿಮೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಅದೇ ಬಗೆಯ ಹಿಂಡಿಯನ್ನು ತಿಂದ ಬಾತುಮರಿಗಳೂ ಸತ್ತವು. ಆ ತನಿಖೆಯಿಂದಲೇ ಈ ವಿಷ ಪತ್ತೆಯಾಯಿತು. ಮಳೆಗಾಲದಲ್ಲಿ ಹಿಂಡಿಯ ಚೀಲವನ್ನು ನೆಲದ ಮೇಲಿಟ್ಟು, ಗಂಟುಗಟ್ಟಿದ್ದನ್ನು ಪುಡಿಮಾಡಿ ಹಾಕುವ ಅಭ್ಯಾಸ ಹಸುವಿರುವ ಮನೆಗಳಲ್ಲಿದೆ. ಬಾತಿಗೆ ಅದನ್ನು ಹಾಕಿದರೆ ಯಕೃತ್ತು ಕೆಟ್ಟು ಒಂದೆರಡು ದಿನಗಳಲ್ಲೇ ಮರಿಗಳು ಬೀಳತೊಡಗುತ್ತವೆ.

ನೆಲವೂ ಮುಖ್ಯ. ಸಿಮೆಂಟಿನ ಒರಟು ನೆಲದ ಮೇಲೆ ಸದಾ ಓಡಾಡುವ ಬಾತಿಗೆ ಅಂಗಾಲಿನಲ್ಲಿ ಗಾಯವಾಗಿ ಕೀವು ತುಂಬಿದ ಗಡ್ಡೆಯಾಗುತ್ತದೆ. ಭತ್ತದ ಹೊಟ್ಟು ಅಥವಾ ಒಣಹುಲ್ಲನ್ನು ದಪ್ಪಗೆ ಹಾಸಿ, ಒದ್ದೆಯಾದುದನ್ನು ತೆಗೆಯುತ್ತಿದ್ದರೆ ಸಾಕು. ತಾಯಿಯಿಲ್ಲದ ಮರಿಗಳನ್ನು ತಂದರೆ ಮೊದಲ ವಾರ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿಡಬೇಕು, ವಾರ ಕಳೆದಂತೆ ಶಾಖವನ್ನು ಕಡಿಮೆ ಮಾಡುತ್ತ ಹೋಗಬೇಕು. ತಾಯಿಯ ಮೈಯ ಎಣ್ಣೆ ಸೋಕದ ಮರಿಯ ತುಪ್ಪುಳು ನೀರು ಹೀರಿಕೊಂಡು ಮರಿ ಚಳಿಗೆ ಮುದುಡಿ ಸಾಯಬಹುದಾದ್ದರಿಂದ, ಈಜಲಿ ಎಂದು ಮೊದಲ ದಿನಗಳಲ್ಲೇ ಟಬ್ಬಿಗೆ ಬಿಟ್ಟು ವಿಡಿಯೋ ಮಾಡುವ ಹುಮ್ಮಸ್ಸು ಬೇಡ.

ಎದುರು ಮನೆ (ಕುವೆಂಪುನಗರ, ಮೈಸೂರು)

ಸಾಕುವವರ ಮಾತನ್ನಷ್ಟೇ ಕೇಳಿದರೆ ಚರ್ಚೆ ಪೂರ್ತಿಯಾಗುವುದಿಲ್ಲವೆಂದು, ಸಾಕದೆಯೇ ಅನುಭವಿಸಿದವಳಾಗಿ ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಒಂದು ಮನೆಯವರು ನಾಲ್ಕು ಹೆಣ್ಣು ಬಾತುಗಳನ್ನು ಸಾಕಿದ್ದರು. ಬೆಳಗಿನ ಜಾವ ಗೂಡಿನ ಬಾಗಿಲು ತೆರೆಯುವುದು ತಡವಾದರೆ ಅವು ಒಟ್ಟಾಗಿ ಕೂಗಿಕೊಳ್ಳುವ ಸದ್ದು ನಮ್ಮ ಮಲಗುವ ಕೋಣೆಯವರೆಗೆ ಬರುತ್ತಿತ್ತು. ಹಾಸಿಗೆ ಹಿಡಿದಿದ್ದ ನಮ್ಮ ಅತ್ತೆಯವರಿಗೆ ಅದು ನಿಜವಾದ ಹಿಂಸೆಯಾಗಿತ್ತು. ಅದಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಮಳೆಗಾಲದ ವಾಸನೆ ಮತ್ತು ಕಾಂಪೌಂಡಿನ ಮೂಲೆಯಲ್ಲಿ ಮರೆತುಹೋದ ನೀರಿನ ಟಬ್ಬು. ಬಾತುಗಳು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆಂದು ಆ ಮನೆಯವರು ಸಮಾಧಾನ ಹೇಳುತ್ತಿದ್ದರು. ತಾವು ಇಳಿಯುವ ನೀರಿನಲ್ಲಿ ತಿನ್ನಬಹುದು, ಅದಕ್ಕೆ ನನ್ನ ತಕರಾರಿಲ್ಲ. ಇಳಿಯದೆ ಬಿಟ್ಟ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆ, ಮತ್ತು ಡೆಂಗಿ ಹಬ್ಬಿದ ವರ್ಷದಲ್ಲಿ ಅಂತಹ ಟಬ್ಬನ್ನು ಕಂಡ ನೆರೆಯವರು ಸುಮ್ಮನಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬಾತುಗಳ ಮೇಲೆ ನನಗೆ ಸಿಟ್ಟಿಲ್ಲ. ತರುವ ಮೊದಲು ನಮ್ಮನ್ನು ಒಂದು ಮಾತು ಕೇಳಬಹುದಿತ್ತು ಎಂಬುದಷ್ಟೇ ನನ್ನ ಅಸಮಾಧಾನ.

ಹಿತ್ತಲ ಮನೆ (ಶ್ರೀರಾಂಪುರ, ಮೈಸೂರು)

ಕುವೆಂಪುನಗರದ ಮೇಡಂ ಅವರಿಗೆ ಧನ್ಯವಾದಗಳು. ಪಕ್ಕದ ಎರಡು ಮನೆಗಳವರನ್ನೂ ಈ ಭಾನುವಾರ ಕೇಳಿ ನೋಡುತ್ತೇನೆ. ಸದ್ದು ಕಡಿಮೆ ಮಾಡುವ ತಳಿಗಳೇನಾದರೂ ಇವೆಯೇ? ಮರಿಗಳಲ್ಲಿ ಗಂಡು ಹೆಣ್ಣನ್ನು ಗುರುತಿಸುವುದು ಹೇಗೆ? ಒಂದೇ ಒಂದನ್ನು ಸಾಕಿದರೆ ಸದ್ದೂ ಕೊಳೆಯೂ ಅರ್ಧವಾಗುವುದಿಲ್ಲವೇ?

ಶಿಂಷಾ ದಂಡೆ (ಮದ್ದೂರು)

ಒಂದೇ ಬಾತನ್ನು ಸಾಕುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ನನ್ನ ಹೊತ್ತು ಬಹುಪಾಲು ಹಿತ್ತಲಿನ ಬಾತುಗಳ ನಡುವೆಯೇ ಕಳೆಯುತ್ತದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಬಾತು ಗುಂಪಿನ ಜೀವಿ. ಮೊಟ್ಟೆಯೊಡೆದು ಬಂದ ಮರಿ ಮೊದಲ ದಿನಗಳಲ್ಲಿ ಕಣ್ಣೆದುರು ಚಲಿಸುವುದನ್ನೇ ತಾಯಿಯೆಂದು ಹಿಂಬಾಲಿಸುತ್ತದೆ, ಆದ್ದರಿಂದ ಒಂಟಿ ಮರಿ ನಿಮ್ಮ ಮಗಳನ್ನೇ ತಾಯಿಯೆಂದು ನಂಬುತ್ತದೆ. ಇದು ಕೇಳಲು ಚಂದ. ಆದರೆ ಅವಳು ಶಾಲೆಗೆ ಹೊರಟ ಮೇಲೆ ಆ ಮರಿ ಸಂಜೆಯವರೆಗೂ ಅರಚುತ್ತಲೇ ಇರುತ್ತದೆ, ಸದ್ದು ಅರ್ಧವಾಗುವ ಮಾತೇ ಇಲ್ಲ. ಎರಡು ಮೂರಿದ್ದರೆ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಿಮ್ಮನ್ನು ಕಂಡಾಗ ಓಡಿಬರುತ್ತವೆ, ನೀವಿಲ್ಲದಾಗ ತಮ್ಮ ಪಾಡಿಗೆ ತಾವಿರುತ್ತವೆ.

ಗಂಡು ಹೆಣ್ಣಿನ ವ್ಯತ್ಯಾಸ ಸದ್ದಿನಲ್ಲೇ ಇದೆ. ಜೋರಾಗಿ ಕ್ವಾಕ್ ಎಂದು ಕೂಗುವುದು ಹೆಣ್ಣು. ಗಂಡಿನ ದನಿ ಗೊಗ್ಗರು, ಮೆಲ್ಲಗಿರುತ್ತದೆ. ಎರಡು ತಿಂಗಳಾಗುವ ಹೊತ್ತಿಗೆ ದನಿ ಒಡೆದು ಇದು ತಿಳಿಯುತ್ತದೆ, ಆಮೇಲೆ ಗಂಡಿನ ಬಾಲದಲ್ಲಿ ಮೇಲಕ್ಕೆ ಸುರುಳಿಯಾದ ಪುಕ್ಕ ಮೂಡುತ್ತದೆ. ಸದ್ದಿನ ಭಯಕ್ಕೆ ಗಂಡುಗಳನ್ನೇ ತಂದರೆ ಮೊಟ್ಟೆಯಿಲ್ಲ. ಗಂಡುಗಳು ಹೆಚ್ಚಾಗಿ ಹೆಣ್ಣು ಒಂದೇ ಇದ್ದರೆ ಅದರ ಕತ್ತಿನ ಪುಕ್ಕ ಕಿತ್ತು, ಬೆನ್ನು ಗಾಯವಾಗಿ, ನೋಡಲಾಗದ ಸ್ಥಿತಿಗೆ ಬರುತ್ತದೆ. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಇರಬೇಕೆನ್ನುವುದು ಇದಕ್ಕಾಗಿಯೇ. ಮೊಟ್ಟೆ ಬರಲು ಗಂಡು ಬೇಕಿಲ್ಲವಾದ್ದರಿಂದ ನಿಮ್ಮಂತಹ ಮನೆಗೆ ಎರಡು ಹೆಣ್ಣುಗಳೇ ಸರಿ.

ತಳಿಯ ವಿಷಯದಲ್ಲಿ, ಮೊಟ್ಟೆಗಾಗಿ ಸಾಕುವವರು ಕೇಳುವುದು ಖಾಕಿ ಕ್ಯಾಂಪ್‌ಬೆಲ್. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರ ಸಮೀಪ ಮೊಟ್ಟೆಯಿಡುವ ಈ ತಳಿಯನ್ನು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಕ್ಯಾಂಪ್‌ಬೆಲ್ ಎಂಬ ಮಹಿಳೆ ರೂಪಿಸಿದರು. ನಮ್ಮಲ್ಲಿ ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದನ್ನು ಬೆಳೆಸುತ್ತ ಬಂದಿದೆ. ಬಿಳಿಯ ಪೆಕಿನ್ ಮುಖ್ಯವಾಗಿ ಮಾಂಸದ ತಳಿ, ಮೈಭಾರದಿಂದ ಕಾಲುನೋವು ಬೇಗ ಬರುತ್ತದೆ. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೊವಿ ಹೆಚ್ಚು ಕೂಗುವುದಿಲ್ಲ, ಬುಸುಗುಟ್ಟುತ್ತದೆ ಅಷ್ಟೆ. ಆದರೆ ಅದರ ಹೆಣ್ಣು ಕಾಂಪೌಂಡು ಹಾರಿ ಪಕ್ಕದ ಮನೆಯ ತಾರಸಿಯ ಮೇಲೆ ಕೂರುವುದರಿಂದ, ಸದ್ದಿನ ಜಗಳ ತಪ್ಪಿ ಹಿಕ್ಕೆಯ ಜಗಳ ಆರಂಭವಾಗಬಹುದು.

ಸಂತೋಷದ ವಿಷಯವನ್ನು ಇಲ್ಲಿ ಯಾರೂ ಹೇಳಲಿಲ್ಲ. ಖಾಕಿ ಕ್ಯಾಂಪ್‌ಬೆಲ್ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲವಾದ್ದರಿಂದ ನಾನು ಅದರ ಮೊಟ್ಟೆಗಳನ್ನು ಕಾವಿಗೆ ಬಂದ ನಾಟಿ ಕೋಳಿಯ ಕೆಳಗೆ ಇಡುತ್ತೇನೆ. ಕೋಳಿಯ ಮೊಟ್ಟೆಗೆ 21 ದಿನ, ಬಾತಿನದಕ್ಕೆ 28 ದಿನ. ಆ ಹೆಚ್ಚಿನ ವಾರವನ್ನೂ ಅದು ಪಾಪ ಕೂತೇ ಕಳೆಯುತ್ತದೆ. ಮರಿಗಳು ನೀರು ಕಂಡು ಸಾಲಾಗಿ ಇಳಿದುಬಿಟ್ಟಾಗ ಆ ತಾಯಿಕೋಳಿ ದಂಡೆಯ ಮೇಲೆ ಪಡುವ ಗಾಬರಿಯನ್ನು ನೋಡಿದರೆ ನಗುವುದೋ ಮರುಗುವುದೋ ತಿಳಿಯುವುದಿಲ್ಲ. ಮಳೆ ಬಿದ್ದ ದಿನ ಕೋಳಿಗಳು ಜಗಲಿಯ ಕೆಳಗೆ ಸೇರಿಕೊಂಡರೆ ಬಾತುಗಳು ಅಂಗಳದ ನಡುವೆ ಕತ್ತು ಚಾಚಿ ನಿಂತು, ಹನಿ ನಿಂತ ಕೂಡಲೇ ಕೊಕ್ಕನ್ನು ಕೆಸರಿನಲ್ಲಿ ಆಡಿಸುತ್ತ ಎರೆಹುಳು ಹುಡುಕುತ್ತವೆ. ಹೂಕುಂಡಗಳ ಬಸವನಹುಳು ನಮ್ಮ ಮನೆಯಲ್ಲಿ ಈಗ ಕಾಣಸಿಗುವುದಿಲ್ಲ (ಎಳೆಯ ಸೊಪ್ಪಿನ ಮಡಿಯೂ ಕಾಣಸಿಗುವುದಿಲ್ಲವೆಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ). ಮೊಟ್ಟೆಯನ್ನು ಬಹುತೇಕ ಬೆಳಗಿನ ಹೊತ್ತೇ ಇಡುವುದರಿಂದ ಎಂಟು ಒಂಬತ್ತು ಗಂಟೆಯ ಮೇಲೆ ಗೂಡಿನಿಂದ ಬಿಟ್ಟರೆ ಅಂಗಳವೆಲ್ಲ ಹುಡುಕುವ ಕೆಲಸ ತಪ್ಪುತ್ತದೆ, ಆದರೆ ಅಷ್ಟು ಹೊತ್ತು ಅವು ಸುಮ್ಮನಿರುವಂತೆ ಗೂಡು ವಿಶಾಲವಾಗಿರಬೇಕು ಮತ್ತು ಒಳಗೆ ನೀರಿರಬೇಕು.

ರಿಂಗ್ ರಸ್ತೆ (ಹೂಟಗಳ್ಳಿ, ಮೈಸೂರು)

ಇಷ್ಟೆಲ್ಲ ಚಿಂತೆ ಏಕೆ? ಮಗುವಿಗೆ ಒಂದು ವರ್ಷ ಆಸೆ ತೀರಲಿ. ಆಮೇಲೆ ಕಷ್ಟವೆನಿಸಿದರೆ ಲಿಂಗಾಂಬುಧಿ ಕೆರೆಯೋ ಕುಕ್ಕರಹಳ್ಳಿ ಕೆರೆಯೋ ಹತ್ತಿರದಲ್ಲೇ ಇದೆ. ಹಕ್ಕಿಗಳು ತುಂಬಿರುವ ಕೆರೆಗೆ ಬಿಟ್ಟರೆ ಅವುಗಳಿಗೂ ಸ್ವಾತಂತ್ರ್ಯ ಸಿಕ್ಕಂತಾಗುತ್ತದೆ.

ಕೆರೆ ಏರಿ (ಸರಸ್ವತಿಪುರಂ, ಮೈಸೂರು)

ಹೂಟಗಳ್ಳಿಯವರ ಸಲಹೆಯನ್ನು ಯಾರೂ ಪಾಲಿಸಬಾರದೆಂದು ಒತ್ತಿ ಹೇಳುತ್ತೇನೆ. ತಲೆಮಾರುಗಳಿಂದ ಮನೆಯಲ್ಲಿ ಬೆಳೆದ ಬಾತು ಹಾರಲಾರದು, ನಾಯಿಯಿಂದ ತಪ್ಪಿಸಿಕೊಳ್ಳಲು ತಿಳಿಯದು, ಮೇವು ಹುಡುಕುವ ಬುದ್ಧಿಯೂ ಅದಕ್ಕೆ ಅಷ್ಟಕ್ಕಷ್ಟೆ. ಬಹುತೇಕ ಬಾತುಗಳು ಕೆಲವೇ ದಿನಗಳಲ್ಲಿ ನಾಯಿಗಳ ಪಾಲಾಗುತ್ತವೆ, ಉಳಿದವು ಜನ ಎಸೆಯುವ ಬ್ರೆಡ್ಡು ತಿಂದು ದಂಡೆಯಲ್ಲೇ ನರಳುತ್ತವೆ. ಮಸ್ಕೊವಿಯನ್ನು ಬಿಟ್ಟರೆ ನಮ್ಮ ಸಾಕು ಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಅದರ ಹತ್ತಿರದ ನಂಟನಾದ ಚುಕ್ಕೆಕೊಕ್ಕಿನ ಬಾತು ನಮ್ಮ ಕೆರೆಗಳಲ್ಲಿ ಮರಿ ಮಾಡುತ್ತದೆ, ಮತ್ತು ಇವೆರಡೂ ಕೂಡಿ ಮಿಶ್ರ ಸಂತತಿ ಹುಟ್ಟಬಲ್ಲದಾದ್ದರಿಂದ ಕಾಡುಬಾತಿನ ಕುಲವೂ ಕೆಡುತ್ತದೆ. ಮನೆಯ ರೋಗವನ್ನು ಕೆರೆಗೆ ಒಯ್ದಂತಾಗುವುದು ಬೇರೆ. ಇದೇ ಮಾತಿನ ಇನ್ನೊಂದು ಮಗ್ಗುಲೆಂದರೆ, ಕೆರೆಯಲ್ಲಿ ಸಿಕ್ಕಿದ ಕಾಡುಬಾತಿನ ಮರಿಯನ್ನು ಮನೆಗೆ ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಬಾತು ಎಂಟು ಹತ್ತು ವರ್ಷ ಬದುಕಬಲ್ಲದು, ಮೊಟ್ಟೆ ಮಾತ್ರ ಮೊದಲೆರಡು ವರ್ಷಗಳ ನಂತರ ಕಡಿಮೆಯಾಗುತ್ತ ಹೋಗುತ್ತದೆ. ಈಗ ಆರನೆಯ ತರಗತಿಯಲ್ಲಿರುವ ಮಗಳು ಕಾಲೇಜು ಮುಗಿಸುವವರೆಗೂ ಈ ಬಾತುಗಳು ಇರಬಹುದೆಂದುಕೊಂಡು, ಆಗ ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಗೆ ಮನೆಯಲ್ಲಿ ಇಂದೇ ಉತ್ತರ ಹುಡುಕಿಕೊಳ್ಳಬೇಕು.

ಪಶುವೈದ್ಯೆ, ನಿವೃತ್ತ (ಮಂಡ್ಯ)

ಸರಸ್ವತಿಪುರಂನವರು ಹೇಳಿದ ರೋಗದ ಮಾತಿನಿಂದ ಹಕ್ಕಿಜ್ವರಕ್ಕೆ ಬರುತ್ತೇನೆ. ನಿಮ್ಮ ಪತ್ನಿಯವರ ಭಯಕ್ಕೆ ಆಧಾರವಿದೆ. 2017ರ ಜನವರಿಯಲ್ಲಿ ಎಚ್5ಎನ್8 ವೈರಸ್‌ನಿಂದ ಹಕ್ಕಿಗಳು ಸತ್ತ ಕಾರಣ ಮೈಸೂರು ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಲಾಗಿತ್ತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಒಂದು ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನೂ ಸಾಕುಹಕ್ಕಿಗಳನ್ನೂ ಕೊಲ್ಲಬೇಕಾಯಿತು. ಮುದ್ದಿನಿಂದ ಸಾಕಿದ ಹಕ್ಕಿಗೂ ಆ ನಿಯಮದಲ್ಲಿ ವಿನಾಯಿತಿಯಿಲ್ಲ. ಸಾಕುವವರು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ನೋವು ಇದು.

ಬಾತಿನ ವಿಶೇಷವೆಂದರೆ, ಕೆಲವು ಬಗೆಯ ವೈರಸ್ ಮೈಯಲ್ಲಿದ್ದರೂ ಅದು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದು, ಹಿಕ್ಕೆಯ ಮೂಲಕ ಕೋಳಿಗಳಿಗೆ ಹರಡಬಲ್ಲದು. ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದ ಕಡೆಯಿಂದ ಬರುತ್ತವೆ. ಅವನ್ನು ದೂರದಿಂದ ನೋಡಿ ಆನಂದಿಸಿ, ಆದರೆ ಕೆರೆಯಂಗಳದಲ್ಲಿ ತಿರುಗಾಡಿದ ಚಪ್ಪಲಿಯಲ್ಲೇ ಗೂಡಿಗೆ ಹೋಗಬೇಡಿ, ಕೆರೆಯ ನೀರನ್ನು ತಂದು ಕುಡಿಸಬೇಡಿ. ಕಾಗೆ ಗುಬ್ಬಿಗಳು ಹಿಕ್ಕೆ ಹಾಕದಂತೆ ಮೇವಿನ ಪಾತ್ರೆಯನ್ನು ಮಾಡಿನ ಕೆಳಗಿಡಿ. ಬಾತನ್ನು ಮುಟ್ಟಿದ ಮಕ್ಕಳು ಸೋಪಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು, ಏಕೆಂದರೆ ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸೋಂಕು ಹಕ್ಕಿಜ್ವರಕ್ಕಿಂತ ದಿನನಿತ್ಯದ ಅಪಾಯ. ಇದೇ ಕಾರಣಕ್ಕೆ ಬಾತಿನ ಮೊಟ್ಟೆಯನ್ನು ಹಳದಿ ಭಾಗ ಗಟ್ಟಿಯಾಗುವವರೆಗೆ ಬೇಯಿಸಬೇಕು. ಬಾತಿನ ಪ್ಲೇಗ್ ರೋಗಕ್ಕೆ ಲಸಿಕೆಯಿದೆ, ಯಾವಾಗ ಹಾಕಿಸಬೇಕೆಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಒಂದೇ ಸಲಕ್ಕೆ ಹಲವು ಹಕ್ಕಿಗಳು ಸತ್ತರೆ ಹೂಳುವ ಮೊದಲು ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ತುರ್ತು ಸಂದರ್ಭಕ್ಕೆ 1962 ಸಹಾಯವಾಣಿಯಿದೆ.

ಹಿತ್ತಲ ಮನೆ (ಶ್ರೀರಾಂಪುರ, ಮೈಸೂರು)

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಒಂದು ಪಕ್ಕದ ಮನೆಯವರು ಒಪ್ಪಿದ್ದಾರೆ. ಇನ್ನೊಂದು ಮನೆಯವರು ಗೂಡನ್ನು ತಮ್ಮ ಕಿಟಕಿಯ ಕಡೆ ಕಟ್ಟಬಾರದೆಂದು ಹೇಳಿದ್ದಾರೆ, ಅದು ನ್ಯಾಯವಾಗಿಯೇ ಇದೆ. ಪಟಾಕಿಯ ಸದ್ದಿಗೆ ಮರಿಗಳು ಹೆದರುತ್ತವೆಂಬ ಕಾರಣಕ್ಕೆ ದೀಪಾವಳಿ ಕಳೆದ ಮೇಲೆ ಎರಡು ಹೆಣ್ಣುಗಳನ್ನು ತರುವುದೆಂದೂ, ಅಷ್ಟರೊಳಗೆ ಗೂಡನ್ನು ಕಟ್ಟಿ ಮುಗಿಸುವುದೆಂದೂ ತೀರ್ಮಾನಿಸಿದ್ದೇವೆ. ನಮ್ಮ ಬೀದಿಯಲ್ಲಿ ನಾಯಿಗಳ ಕಾಟವಿದೆ, ಮುಂಗುಸಿಯನ್ನೂ ಕಂಡಿದ್ದೇನೆ. ಗೂಡು ಹೇಗಿರಬೇಕು?

ನಾಲೆ ಬಯಲು (ಪಾಂಡವಪುರ)

ಬಾತು ಕೋಳಿಯಂತೆ ಮರವನ್ನೋ ಅಟ್ಟವನ್ನೋ ಹತ್ತಿ ಕೂರುವುದಿಲ್ಲ, ನೆಲದ ಮೇಲೆಯೇ ಮಲಗುತ್ತದೆ. ಆದ್ದರಿಂದ ಗೂಡಿನ ಭದ್ರತೆಯೆಲ್ಲ ಕೆಳಗಿನ ಎರಡು ಅಡಿಯಲ್ಲೇ ಇರುತ್ತದೆ. ಕೋಳಿಗೆ ಬಳಸುವ ತೆಳುವಾದ ಷಡ್ಭುಜದ ಜಾಲರಿಯನ್ನು ನಾಯಿ ಹಲ್ಲಿನಿಂದಲೇ ಹರಿಯುತ್ತದೆ, ಬೆಸುಗೆ ಹಾಕಿದ ದಪ್ಪ ತಂತಿಯ ಸಣ್ಣಕಣ್ಣಿನ ಜಾಲರಿಯನ್ನೇ ಹಾಕಿಸಿ. ಮುಂಗುಸಿಯೂ ಹೆಗ್ಗಣವೂ ಬುಡ ತೋಡಿ ಒಳನುಗ್ಗುವುದರಿಂದ ಸುತ್ತಲೂ ಒಂದು ಅಡಿ ಆಳಕ್ಕೆ ಜಾಲರಿಯನ್ನು ಹೂಳಬೇಕು, ಅಥವಾ ಬುಡಕ್ಕೆ ಕಲ್ಲು ಕಟ್ಟಿಸಬೇಕು. ಒಂದು ಬಾತಿಗೆ ಮಲಗಲು ನಾಲ್ಕು ಚದರಡಿ ಸಾಕೆನ್ನುತ್ತಾರೆ. ಬೆಳಗ್ಗೆ ತಡವಾಗಿ ಬಿಡುವುದಾದರೆ ಅದರ ಎರಡರಷ್ಟು ಕೊಡಿ. ಮೇಲ್ಭಾಗದಲ್ಲಿ ಗಾಳಿಯಾಡಲು ಕಿಂಡಿ ಇರಲಿ, ಏಕೆಂದರೆ ಬಾತಿನ ಉಸಿರಿನಲ್ಲೂ ಹಿಕ್ಕೆಯಲ್ಲೂ ತೇವ ಹೆಚ್ಚು, ಮುಚ್ಚಿದ ಗೂಡಿನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಅಮೋನಿಯದ ಘಾಟು ಕಣ್ಣಿಗೆ ಹೊಡೆಯುತ್ತದೆ. ನೆಲವನ್ನು ತೆಂಗಿನ ಮರದ ಕಡೆಗೆ ತುಸು ಇಳಿಜಾರು ಮಾಡಿಸಿದರೆ ತೊಳೆದ ನೀರು ತಾನಾಗಿ ಅತ್ತ ಹರಿಯುತ್ತದೆ. ಚಿಲಕವನ್ನು ಬಾಗಿಲ ಹೊರಗೆ ಮೇಲ್ಗಡೆ ಹಾಕಿಸಿ, ಕತ್ತಲಾಗುವ ಮೊದಲು ಅದನ್ನು ಹಾಕುವ ಕೆಲಸ ಇಂಥವರದೇ ಎಂದು ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಿ.